ಕಿರುಚಿತ್ರವೂ ನೋಡಿದವರ ಮಾತೂ

ಈಚೆಗೆ ನಮ್ಮ ವಿದ್ಯಾರ್ಥಿಗಳಲ್ಲಿ ಸಿನಿಮಾ ನೋಡುವವರಿಗಿಂತ ಸಿನಿಮಾ ತೆಗೆಯುವವರೇ ಹೆಚ್ಚಾಗಿದ್ದಾರೆಂದರೆ ಅದು ತೀರ ಉತ್ಪ್ರೇಕ್ಷೆಯ ಮಾತಾಗಲಾರದು. ಕೈಯಲ್ಲೊಂದು ಮೊಬೈಲು, ಜೊತೆಗೆ ಇಬ್ಬರು ಸ್ನೇಹಿತರು, ಬಿಡುವಿನ ಒಂದು ಭಾನುವಾರ, ಇಷ್ಟಿದ್ದರೆ ಹತ್ತು ನಿಮಿಷದ ಚಿತ್ರವೊಂದು ಹುಟ್ಟಿಕೊಳ್ಳುತ್ತದೆ. ಇದರಲ್ಲಿ ನಗುವಂಥದೇನೂ ಇಲ್ಲ. ಗಿರೀಶ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತೆಗೆದ 'ಅವಶೇಷ್' ಎಂಬ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. 'ಘಟಶ್ರಾದ್ಧ' ಬಂದದ್ದು ಅದಾದ ಮೇಲೆ, 1977ರಲ್ಲಿ. ಅದೇ ಸಂಸ್ಥೆಯಲ್ಲಿ ಕಲಿತ ಮೈಸೂರಿನ ಚಿದಾನಂದ ನಾಯ್ಕರು ವಿದ್ಯಾರ್ಥಿಯಾಗಿ ತೆಗೆದ 16 ನಿಮಿಷದ ಕನ್ನಡ ಚಿತ್ರವೊಂದು 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲನೆಯ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದುದರಿಂದ ಬೆಳಗಾಗುವುದೇ ನಿಂತುಹೋದ ಕಥೆ ಅದು. ಇಂಥ ಕಥೆಗಳು ನಮ್ಮ ಅಜ್ಜಿಯರ ಸೆರಗಿನಲ್ಲಿ ಇನ್ನೂ ಎಷ್ಟಿವೆಯೋ!

ಆದುದರಿಂದ ತೆಗೆಯುವ ವಿಷಯದಲ್ಲಿ ನನಗೆ ತಕರಾರಿಲ್ಲ. ಕಷ್ಟ ಪ್ರಾರಂಭವಾಗುವುದು ತೆಗೆದದ್ದನ್ನು ಇನ್ನೊಬ್ಬರಿಗೆ ತೋರಿಸಿ, 'ಹೇಗಿದೆ?' ಎಂದು ಕೇಳಿದಾಗ. ಕೇಳಿದವನ ಮುಖದಲ್ಲಿ ಒಂದೇ ಉತ್ತರಕ್ಕೆ ಜಾಗವಿರುತ್ತದೆ. ಹೇಳಬೇಕಾದವನಿಗೂ ಅದು ಗೊತ್ತು. 'ಸೂಪರ್' ಎನ್ನುತ್ತಾನೆ; ಇಬ್ಬರೂ ಚಹಾ ಕುಡಿಯಲು ಹೋಗುತ್ತಾರೆ; ಚಿತ್ರ ಮಾತ್ರ ಇದ್ದಲ್ಲಿಯೇ ಇರುತ್ತದೆ. ಇದಕ್ಕೆ ಪ್ರತಿಯಾಗಿ ಇನ್ನೊಂದು ವರ್ಗದವರಿದ್ದಾರೆ. ಇವರು ಬಾಯಿ ಬಿಟ್ಟರೆ ಚಿತ್ರದ ಚರ್ಮ ಸುಲಿಯದೆ ಮುಚ್ಚುವುದಿಲ್ಲ. ಈ ಎರಡರ ನಡುವೆ ಉಪಯೋಗಕ್ಕೆ ಬರುವ ಮಾತು ಯಾವುದು, ಅದನ್ನು ಹೇಳುವುದು ಹೇಗೆ, ಕೇಳುವುದು ಹೇಗೆ ಎಂಬುದನ್ನು ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗದ ಆಧಾರದಿಂದ ಇಲ್ಲಿ ವಿಚಾರಮಾಡಬಯಸುತ್ತೇನೆ.

ಎರಡು ವರ್ಷದ ಕೆಳಗೆ ತುಮಕೂರಿನ ಮರಳೂರಿನಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬ ಗೆಳೆಯರೊಡನೆ ಸೇರಿ 11 ನಿಮಿಷದ ಚಿತ್ರವೊಂದನ್ನು ತೆಗೆದ. ಹೆಸರು 'ತೂಬು'. ಕಥೆ ಸರಳವಾದುದು. ಹಿಂದೆ ಒಂದು ಹಳ್ಳಿಯಲ್ಲಿ ನೀರಗಂಟಿಯಾಗಿದ್ದ ಮುದುಕ ಈಗ ಪಟ್ಟಣದಲ್ಲಿ ಮಗನ ಮನೆಯಲ್ಲಿದ್ದಾನೆ. ದಿನವೂ ಸಂಜೆ ಕೆರೆಯ ಏರಿಯ ಮೇಲೆ ನಡೆದುಹೋಗಿ, ತನ್ನದಲ್ಲದ ಆ ಕೆರೆಯ ನೀರನ್ನು ನೋಡಿಕೊಂಡು ಬರುತ್ತಾನೆ. ಒಂದು ದಿನ ಮೊಮ್ಮಗನನ್ನು ಕರೆದುಕೊಂಡು ತನ್ನ ಹಳೆಯ ಊರಿಗೆ ಹೋಗಿ ತೂಬನ್ನು ತೋರಿಸುತ್ತಾನೆ. ಅಷ್ಟೆ. ನಡಿಗೆಯನ್ನು ಮರಳೂರು ಕೆರೆಯ ಏರಿಯ ಮೇಲೂ, ತೂಬಿನ ದೃಶ್ಯವನ್ನು ಗುಬ್ಬಿಯ ಕಡೆಯ ಒಂದು ಹಳ್ಳಿಯಲ್ಲೂ ತೆಗೆದರು. ಮುದುಕನ ಪಾತ್ರ ಮಾಡಿದವರು ಹುಡುಗನ ಸ್ವಂತ ತಾತನೇ. ಅವರು ಪ್ರಾಯದಲ್ಲಿ ಕುಣಿಗಲ್ ಸೀಮೆಯಲ್ಲಿ ನಿಜವಾಗಿಯೂ ನೀರಗಂಟಿಯಾಗಿದ್ದವರು.

ಮೊದಲನೆಯ ಪ್ರದರ್ಶನ ನಮ್ಮ ತರಗತಿಯ ಕೊಠಡಿಯಲ್ಲಿ, ಕಿಟಕಿಗಳಿಗೆ ಪಂಚೆ ಕಟ್ಟಿಕೊಂಡು ನಡೆಯಿತು. ದೀಪ ಹಾಕಿದೊಡನೆ ಚಪ್ಪಾಳೆ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಮೇಷ್ಟರ ಅಭ್ಯಾಸಬಲದಿಂದ ನಾನು ಎದ್ದು ನಿಂತು, ನೀರಿನ ಸಂಕೇತಾರ್ಥ, ಕಾಲದ ಪ್ರವಾಹ, ತಲೆಮಾರುಗಳ ಅಂತರ ಮುಂತಾಗಿ ಇಪ್ಪತ್ತು ನಿಮಿಷ ಮಾತನಾಡಿದೆ. ಚಿತ್ರಕ್ಕಿಂತ ನನ್ನ ಭಾಷಣವೇ ಒಂಬತ್ತು ನಿಮಿಷ ಉದ್ದವಾಯಿತು. ಮೇಷ್ಟರು ಹೇಳಿಯಾದ ಮೇಲೆ ಬೇರೆ ಹೇಳುವ ಧೈರ್ಯ ಯಾವ ಹುಡುಗನಿಗಿದೆ? ಕಣ್ಣಿಗೆ ಕಂಡದ್ದನ್ನು ಯಾರೂ ಹೇಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಎರಡು ಮಾತು ಬಂದವು: 'ಏರಿ ಮೇಲೆ ನಡೆಯೋದು ಬೋರು', 'ತಾತಂದು ಓವರ್ ಆಕ್ಟಿಂಗು'. ಎಲ್ಲರೂ ನಕ್ಕರು. ಹುಡುಗ ಲ್ಯಾಪ್‌ಟಾಪು ಮುಚ್ಚಿಕೊಂಡು ಹೊರಟುಹೋದ. ಮೂರು ದಿನ ಕಾಲೇಜಿಗೆ ಬರಲಿಲ್ಲ. ನಡಿಗೆಯ ಮಾತನ್ನು ಅವನು ಸಹಿಸುತ್ತಿದ್ದನೋ ಏನೋ. ತಾತನ ಮಾತು ಮನೆಯವರೆಗೂ ಹೋಗುವಂಥದು. ವೃತ್ತಿ ನಟನಿಗೆ ಸಂಬಳವಾದರೂ ಉಂಟು. ಮೊಮ್ಮಗ ಕೇಳಿದನೆಂದು ಬಿಸಿಲಿನಲ್ಲಿ ನಿಂತ ಎಂಬತ್ತು ವರ್ಷದವರಿಗೆ ಏನಿದೆ? ಹವ್ಯಾಸಿ ಚಿತ್ರದ ಬಗ್ಗೆ ಮಾತನಾಡುವವರು ಇದನ್ನು ಮೊದಲು ನೆನಪಿನಲ್ಲಿಡಬೇಕು. ತೆರೆಯ ಮೇಲೆ ಕಾಣುವ ಮನೆ ಅವರ ಮನೆ, ಸೀರೆ ಅವರ ತಾಯಿಯದು. ಹೆಚ್ಚು ಕಡಮೆ ಅವರ ಸಂಸಾರವನ್ನೇ ನಾವು ವಿಮರ್ಶಿಸುತ್ತಿರುತ್ತೇವೆ.

ಹಾಗೆಂದು ಸುಳ್ಳು ಹೇಳಬೇಕೆ? ಖಂಡಿತ ಇಲ್ಲ. ಹೇಳಿದ ಎರಡೂ ಮಾತಿನಲ್ಲಿ ಸತ್ಯಾಂಶವಿತ್ತು. ಆದರೆ ಅವು ರೋಗದ ಹೆಸರಾಗಿರಲಿಲ್ಲ, ನರಳಿಕೆಯಾಗಿದ್ದವು. ಅಮೆರಿಕದ ಪ್ರಸಿದ್ಧ ಚಿತ್ರಸಂಕಲನಕಾರ ವಾಲ್ಟರ್ ಮರ್ಚ್ ಪ್ರೇಕ್ಷಕರ ಅಭಿಪ್ರಾಯವನ್ನು ಕುರಿತು ಒಂದು ಒಳ್ಳೆಯ ಹೋಲಿಕೆ ಕೊಟ್ಟಿದ್ದಾರೆ. ಮೊಣಕೈ ನೋಯುತ್ತದೆಂದು ರೋಗಿ ಹೇಳಿದರೆ ಕೆಟ್ಟ ವೈದ್ಯ ಮೊಣಕೈಯನ್ನೇ ಕೊಯ್ಯುತ್ತಾನೆ. ನಿಜವಾಗಿ ನರ ಸಿಕ್ಕಿಕೊಂಡಿರುವುದು ಭುಜದಲ್ಲಿ. ಹೃದಯದ ತೊಂದರೆ ಎಡಗೈಯ ನೋವಾಗಿ ಕಾಣಿಸಿಕೊಳ್ಳುವುದನ್ನು ನಾವೂ ಕೇಳಿದ್ದೇವೆ. ಪ್ರೇಕ್ಷಕನಿಗೆ ನೋವು ತಿಳಿದದ್ದು ಎಲ್ಲಿ ಎಂಬುದು ನಿಜ. ಅದರ ಕಾರಣವೂ ಅಲ್ಲಿಯೇ ಇದೆ ಎಂಬುದು ನಿಜವಾಗಿರಬೇಕಾಗಿಲ್ಲ.

ಹುಡುಗರು ಮಾಡಿದ್ದೂ ಕೆಟ್ಟ ವೈದ್ಯನ ಕೆಲಸವನ್ನೇ. ಎರಡು ನಿಮಿಷದ ನಡಿಗೆಯನ್ನು ಅರ್ಧ ನಿಮಿಷಕ್ಕೆ ಕತ್ತರಿಸಿದರು. ಮರಳೂರಿನ ಮನೆಯಲ್ಲಿ ಅಕ್ಕಪಕ್ಕದವರನ್ನು ಕರೆದು ಮತ್ತೆ ತೋರಿಸಿದರು. ನಾನೂ ಹೋಗಿದ್ದೆ, ಈ ಸಲ ಬಾಯಿ ಬಿಡಬಾರದೆಂದು ನಿಶ್ಚಯಿಸಿಕೊಂಡು ಗೋಡೆಯ ಪಕ್ಕ ಕುಳಿತು ತೆರೆಯನ್ನು ಬಿಟ್ಟು ನೋಡುವವರ ಮುಖಗಳನ್ನು ನೋಡಿದೆ. ಇದೊಂದು ಒಳ್ಳೆಯ ಉಪಾಯ. ಮನುಷ್ಯರು ಬಾಯಿಂದ ಸುಳ್ಳು ಹೇಳಬಹುದು, ಆದರೆ ಬೇಸರವಾದಾಗ ಕಾಲು ಬದಲಾಯಿಸದೆ, ಫೋನು ಮುಟ್ಟದೆ ಇರಲಾರರು. ಅರ್ಧ ನಿಮಿಷದ ನಡಿಗೆಗೂ ಕಾಲುಗಳು ಅಲುಗಾಡಿದವು! ಚಿತ್ರ ಮುಗಿದ ಮೇಲೆ ಪಕ್ಕದ ಮನೆಯ ಅಜ್ಜಿಯೊಬ್ಬರು, 'ಅಲ್ಲ ಕಣಪ್ಪ, ಈ ಯಜಮಾನ್ರು ದಿನಾ ಕೆರೆ ತಾವ ಯಾಕೆ ಹೋಗ್ತಾರೆ? ಏನಾದ್ರೂ ಕಳಕೊಂಡವ್ರಾ?' ಎಂದು ಕೇಳಿದರು.

ಈ ಒಂದು ಪ್ರಶ್ನೆಯಿಂದ ಬಾಗಿಲು ತೆರೆಯಿತು. ತಾತ ನೀರಗಂಟಿಯಾಗಿದ್ದರೆಂಬ ಮಾತು ಮೊದಲನೆಯ ದೃಶ್ಯದಲ್ಲಿ ಒಂದೇ ಒಂದು ಸಲ ಬರುತ್ತಿತ್ತು. ಅದೂ ಅಂಗಳದಲ್ಲಿ ಬೀಸಿದ ಗಾಳಿಯ ಸದ್ದಿನಲ್ಲಿ ಮುಚ್ಚಿಹೋಗಿತ್ತು. ಚಿತ್ರ ತೆಗೆದವರಿಗೆ ಅದು ಕೇಳಿಸುತ್ತಿತ್ತು, ಏಕೆಂದರೆ ಮಾತು ಅವರಿಗೆ ಮೊದಲೇ ಬಾಯಿಪಾಠವಾಗಿತ್ತು. ನೋಡುವವರಿಗೆ ಕೇಳಿಸಿರಲಿಲ್ಲ. ಕಾರಣ ತಿಳಿಯದ ನಡಿಗೆ ಅರ್ಧ ನಿಮಿಷವಿದ್ದರೂ ಉದ್ದವೇ. ಹುಡುಗರು ಆ ಮಾತನ್ನು ಮುಚ್ಚಿದ ಕೊಠಡಿಯಲ್ಲಿ, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಮತ್ತೆ ಧ್ವನಿಗ್ರಹಣ ಮಾಡಿ ಸೇರಿಸಿದರು. ನಡಿಗೆಯನ್ನು ಒಂದೂವರೆ ನಿಮಿಷಕ್ಕೆ ಮರಳಿ ಬೆಳೆಸಿದರು. ಆಮೇಲೆ ಅದು ಬೋರೆಂದು ಯಾರೂ ಹೇಳಲಿಲ್ಲ.

'ಓವರ್ ಆಕ್ಟಿಂಗ್' ಸಂಗತಿಯೂ ಹೆಚ್ಚು ಕಡಮೆ ಇಂಥದೇ. ತಾತನ ಕಣ್ಣು ತುಂಬಿದ ಮುಖ ಮೊಮ್ಮಗನ ತಮಾಷೆಯ ಮಾತಿನ ಬೆನ್ನಿಗೇ ಬರುತ್ತಿತ್ತು. ಒಂದು ನೂರು ವರ್ಷದ ಹಿಂದೆ ರಷ್ಯದ ಕುಲೆಶೊವ್ ಎಂಬ ನಿರ್ದೇಶಕ ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸಿ ತೋರಿಸಿದಾಗ ನೋಡಿದವರು ಹಸಿವನ್ನೂ ದುಃಖವನ್ನೂ ಅದರಲ್ಲಿ ಕಂಡರೆಂದು ಚಲನಚಿತ್ರದ ಪಾಠಗಳಲ್ಲಿ ಹೇಳುವುದುಂಟು. ನಮ್ಮ ಹುಡುಗರು ತಾತನ ಮುಖಕ್ಕೆ ಮುಂಚೆ ಹೂಳು ತುಂಬಿದ ಕಾಲುವೆಯ ಚಿತ್ರಿಕೆಯನ್ನಿಟ್ಟರು. ಅದೇ ಮುಖ, ಒಂದು ಕೂದಲೆಳೆಯೂ ಬದಲಾಗಿರಲಿಲ್ಲ.

ಅಭಿಪ್ರಾಯ ಹೇಳುವವರಿಗೆ ಇದರಿಂದ ಒಂದು ಸೂಚನೆ ದೊರೆಯುತ್ತದೆ. ತೀರ್ಪಿಗಿಂತ ವರದಿ ಹೆಚ್ಚು ಉಪಯುಕ್ತ. 'ನಾಲ್ಕನೆಯ ನಿಮಿಷದಲ್ಲಿ ಇವನು ಯಾರೆಂದು ನನಗೆ ತಿಳಿಯಲಿಲ್ಲ', 'ಇಲ್ಲಿ ನನ್ನ ಗಮನ ಹೊರಗೆ ಹೋಯಿತು', 'ಈ ಮಾತು ಕೇಳಿಸಲಿಲ್ಲ' ಎಂದರೆ ಕೇಳುವವನು ಜಗಳಕ್ಕೆ ಬರಲಾರ. ನಿಮ್ಮ ತಲೆಯೊಳಗೆ ನಡೆದದ್ದಕ್ಕೆ ನೀವೇ ಸಾಕ್ಷಿ. 'ನಾನಾಗಿದ್ದರೆ ತಾತನನ್ನು ಸಾಯಿಸುತ್ತಿದ್ದೆ' ಎನ್ನುವುದು ನಿಮ್ಮ ಚಿತ್ರದ ಕಥೆ. ಅದನ್ನು ನೀವೇ ತೆಗೆಯಿರಿ. ಚಿತ್ರ ಯಾವ ಹಂತದಲ್ಲಿದೆ ಎಂಬುದನ್ನೂ ಕೇಳಿಕೊಳ್ಳುವುದು ಒಳ್ಳೆಯದು. ಕಥೆ ಕಾಗದದ ಮೇಲಿರುವಾಗ ಪಾತ್ರವನ್ನೇ ಬದಲಾಯಿಸೆನ್ನಬಹುದು. ಚಿತ್ರೀಕರಣ ಮುಗಿದ ಮೇಲೆ ಉಳಿಯುವುದು ಸಂಕಲನ, ಧ್ವನಿ, ಸಂಗೀತ, ಶೀರ್ಷಿಕೆಗಳಷ್ಟೆ. ಆಗ ನಾಯಕನ ಮೂಗು ಸರಿಯಿಲ್ಲವೆಂದು ಹೇಳಿ ಯಾರಿಗೇನು ಲಾಭ?

ಕೇಳುವವರ ಕಷ್ಟ ಇದಕ್ಕಿಂತ ದೊಡ್ಡದು. ಚಿತ್ರಕ್ಕೆ ಮುಂಚೆ ಪೀಠಿಕೆ ಹಾಕಿ, 'ಇದು ನೀರಗಂಟಿಯ ಕಥೆ' ಎಂದು ಹೇಳಿಬಿಟ್ಟರೆ ಆ ಅಜ್ಜಿಯ ಪ್ರಶ್ನೆ ಎಂದಿಗೂ ಹುಟ್ಟುತ್ತಿರಲಿಲ್ಲ. ಚಿತ್ರ ಮುಗಿದ ಮೇಲೆ ಸಮರ್ಥನೆಗೆ ನಿಂತರೂ ಅಷ್ಟೆ, ಜನ ಸುಮ್ಮನಾಗುತ್ತಾರೆ. ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುವುದು, ಅಂದು ರಾತ್ರಿಯೇ ಕತ್ತರಿ ಹಿಡಿಯದಿರುವುದು, ಇವೆರಡೂ ಅಭ್ಯಾಸದಿಂದಲೇ ಬರಬೇಕು. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ 1990ರಲ್ಲಿ ಇಂಥ ಸಭೆಗಳಿಗೆ ಒಂದು ಕ್ರಮವನ್ನೇ ಏರ್ಪಡಿಸಿದರು. ನೋಡಿದವರು ಮೊದಲು ತಮ್ಮ ಮನಸ್ಸಿನಲ್ಲಿ ನಿಂತದ್ದನ್ನು ಹೇಳಬೇಕು. ಆಮೇಲೆ ಕಲಾವಿದನೇ ತನ್ನ ಸಂದೇಹಗಳನ್ನು ಕೇಳಬೇಕು. ಅನಂತರ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆಗಳನ್ನು ಹಾಕಬೇಕು. ಅಭಿಪ್ರಾಯವೇನಿದ್ದರೂ ಕೊನೆಗೆ, ಅದೂ ಕಲಾವಿದನ ಅನುಮತಿ ಪಡೆದು. ನಮ್ಮ ಕಡೆ ಅನುಮತಿ ಕೇಳುವಷ್ಟು ತಾಳ್ಮೆ ಇರುವವರು ಕಡಮೆ; ಆದರೂ ಪ್ರಶ್ನೆ ಮೊದಲು, ತೀರ್ಪು ಆಮೇಲೆ ಎಂಬ ಸರದಿಯನ್ನಾದರೂ ಪಾಲಿಸಬಹುದು.

ಈ ವಿಚಾರಗಳೆಲ್ಲ ಹೊರಗಿನವೆಂದು ತಿಳಿಯಬೇಕಾಗಿಲ್ಲ. 'ಕವಿರಾಜಮಾರ್ಗ'ದ ಮೊದಲನೆಯ ಪರಿಚ್ಛೇದವೇ ಕಾವ್ಯದ ದೋಷಗಳನ್ನು ಕುರಿತದ್ದು. ಭರತನ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ನಾಟಕದ ಸಿದ್ಧಿಯನ್ನು ನಿರ್ಣಯಿಸುವ ಪ್ರಾಶ್ನಿಕರ ಪಟ್ಟಿಯಿದೆ. ಒಬ್ಬನೇ ಸರ್ವಜ್ಞ ವಿಮರ್ಶಕನಿಗೆ ಅಲ್ಲಿ ಜಾಗವಿಲ್ಲ. ಯಜ್ಞದ ವಿಷಯಕ್ಕೆ ಯಜ್ಞ ಬಲ್ಲವನು, ಸ್ವರತಾಳಕ್ಕೆ ಗಾಯಕ, ವೇಷಭೂಷಣಕ್ಕೆ ಚಿತ್ರಕಾರ, ನಿಲುವಿಗೆ ಬಿಲ್ಲುಗಾರ, ಶೃಂಗಾರದ ಉಪಚಾರಕ್ಕೆ ವೇಶ್ಯೆ, ರಾಜಠೀವಿಗೆ ರಾಜನೇ. ಅದೇ ಅಧ್ಯಾಯದಲ್ಲಿ ಸಿದ್ಧಿಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ನಗು, ಉದ್ಗಾರ, ರೋಮಾಂಚ, ಆಸನದಿಂದೇಳುವುದು, ಉಂಗುರ ಎಸೆಯುವುದು ಇವೆಲ್ಲ ಮಾನುಷೀ ಸಿದ್ಧಿ. ತುಂಬಿದ ರಂಗಮಂದಿರದಲ್ಲಿ ಸದ್ದೇ ಇಲ್ಲದೆ, ಯಾವ ಕ್ಷೋಭೆಯೂ ಇಲ್ಲದೆ ಜನ ಕುಳಿತಿದ್ದರೆ ಅದು ದೈವಿಕ ಸಿದ್ಧಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ವೀರಣ್ಣನವರ ಕಾಲದಲ್ಲಿ ನಾಡಿನಲ್ಲೆಲ್ಲ ಮೆರೆದ ನಾಟಕ ಕಂಪನಿಯ ನೆರೆಯವರು ನಾವು. ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕನ ಅಭಿಪ್ರಾಯ ಆ ಕ್ಷಣದಲ್ಲೇ 'ಒನ್ಸ್ ಮೋರ್' ಎಂದು ಬರುತ್ತಿತ್ತು. ನಟ ಹಾಡನ್ನು ಮತ್ತೆ ಹಾಡುತ್ತಿದ್ದ. ಕಿರುಚಿತ್ರದವನಿಗೆ ಆ ಭಾಗ್ಯವಿಲ್ಲ. ಅವನು ಆ ಇನ್ನೊಂದು ಮೌನವನ್ನೇ ನಂಬಬೇಕು. ಆದರೆ ಮೌನದಲ್ಲೂ ನಿದ್ದೆಯ ಮೌನ ಬೇರೆ!

'ತೂಬು' ಮೂರನೆಯ ಸಲ ತೋರಿಸಿದಾಗ ತಾತನೂ ಬಂದು ಕುಳಿತರು. ಅದುವರೆಗೆ ಅವರು ಚಿತ್ರವನ್ನು ನೋಡಿರಲಿಲ್ಲ. ಮೊಮ್ಮಗನೇ ಯಾವುದೋ ಅಳುಕಿನಿಂದ ತೋರಿಸಿರಲಿಲ್ಲ. ನಡಿಗೆ ಬಂತು, ಹೋಯಿತು, ಕಾಲುಗಳು ಅಲುಗಲಿಲ್ಲ. ಕಾಲುವೆ, ಮುಖ, ತೂಬು ಎಲ್ಲ ಮುಗಿದವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಹುಡುಗ ತಾತನ ಕಡೆ ನೋಡುತ್ತಲೇ ಇದ್ದ.

'ಎಲ್ಲ ಸರಿ ಕಣ್ಲಾ,' ಎಂದರು ತಾತ. 'ಆದ್ರೆ ತೂಬೆತ್ತೋದು ಹಂಗಲ್ಲ. ಯಾವ ನೀರಗಂಟೀನೂ ನೀರಿಗೆ ಬೆನ್ನು ಮಾಡಿ ನಿಂತ್ಕಂಡು ತೂಬೆತ್ತಲ್ಲ.'

'ಅವತ್ತೇ ಯಾಕೆ ಹೇಳಲಿಲ್ಲ ತಾತ?'

'ನೀನು ಈ ಕಡೆ ತಿರುಗು ಅಂದೆ, ಬೆಳಕು ಬೇಕು ಅಂದೆ. ನೀ ಹೇಳ್ದಂಗೆ ಮಾಡ್ದೆ. ನಂಗೇನು ಗೊತ್ತು ನಿನ್ ಸಿನಿಮಾ?'

ಮುಂದಿನ ಭಾನುವಾರ ಬೆಳಗಿನ ಮೊದಲನೆಯ ಬಸ್ಸಿಗೆ ಅವರಿಬ್ಬರೂ ಮತ್ತೆ ಗುಬ್ಬಿಯ ಕಡೆ ಹೊರಟರು. ಬೆಳಕು ಎಲ್ಲಿಂದ ಬಂದರೂ ಸರಿ, ಈ ಸಲ ತಾತ ನೀರಿನ ಕಡೆಗೇ ಮುಖಮಾಡಿ ನಿಂತರಂತೆ.