ಹಾದಿಯಲ್ಲಿ ನಿಂತ ಬಂಡಿ

ಹಿಂದಿನ ಕಾಲದಲ್ಲಿ ಜಾತ್ರೆಗೋ ದೂರದ ಸಂತೆಗೋ ಗಾಡಿ ಕಟ್ಟುತ್ತಿದ್ದ ರೈತನು ಅದರ ಕೆಳಗೆ ಕೀಲೆಣ್ಣೆಯ ಗೊಟ್ಟವನ್ನು ತೂಗುಹಾಕದೆ ಊರು ಬಿಡುತ್ತಿರಲಿಲ್ಲ. ಹೆಚ್ಚಿಗೆ ಒಂದು ಕಡಾಣಿ, ಒಂದಷ್ಟು ಹಗ್ಗ, ಒಂದು ಕೊಡಲಿ ಇವೂ ಅವನ ಜೊತೆಗಿರುತ್ತಿದ್ದವು. ಗಾಡಿ ಮುರಿಯಲೆಂದು ಅವನು ಬಯಸಿದವನಲ್ಲ. ಮುರಿದೀತೆಂಬುದನ್ನು ಮರೆತವನೂ ಅಲ್ಲ. ಇಂದು ನಮ್ಮ ತರುಣರು ಮೋಟಾರು ಸೈಕಲ್ಲನ್ನೇರಿ ಸಾವಿರಾರು ಕಿಲೋಮೀಟರುಗಳ ಪ್ರವಾಸ ಕೈಗೊಳ್ಳುತ್ತಾರೆ. ವೇಗ ಹೆಚ್ಚಿದೆ, ದೂರವೂ ಹೆಚ್ಚಿದೆ. ಆದರೆ ನಡುಹಾದಿಯಲ್ಲಿ ಬಂಡಿ ನಿಂತಾಗ ಮನುಷ್ಯನಿಗೆ ಬೇಕಾಗುವ ಗುಣಗಳು ಮಾತ್ರ ಬದಲಾಗಿಲ್ಲ.

ಈ ಮಾತಿನ ಸತ್ಯವನ್ನು ನಾನು ಕಣ್ಣಾರೆ ಕಂಡದ್ದು ಹಿಮಾಲಯದ ದಾರಿಯಲ್ಲಿ. 2016ರ ಜುಲೈ ತಿಂಗಳಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ಮನಾಲಿಯಿಂದ ಲೇಹ್ ನಗರಕ್ಕೆ ಹೊರಟಿದ್ದೆನು. ಅವನು ತಿಪಟೂರಿನಲ್ಲಿ ಗ್ಯಾರೇಜು ಇಟ್ಟುಕೊಂಡು ಬಾಳುತ್ತಿರುವವನು. ಬಂಡಿ ನಡೆಸುವುದು ಅವನ ಪಾಲು. ಹಿಂದೆ ಕುಳಿತು ನೋಡುವುದು ನನ್ನ ಪಾಲು.

ಆ ರಸ್ತೆ ಸಾಮಾನ್ಯವಾದುದಲ್ಲ. ಸುಮಾರು 2,000 ಮೀಟರ್ ಎತ್ತರದ ಮನಾಲಿಯಿಂದ ಹೊರಟು, ಮುಗಿಲಿಗೆ ಮೈಯೊಡ್ಡಿದ ಕಣಿವೆಮಾರ್ಗಗಳನ್ನು ಒಂದೊಂದಾಗಿ ದಾಟಿ, ಅದು 3,500 ಮೀಟರ್ ಎತ್ತರದ ಲೇಹ್ ನಗರವನ್ನು ಸೇರುತ್ತದೆ. ಗಡಿ ರಸ್ತೆಗಳ ಸಂಸ್ಥೆಯವರು ಹಿಮವನ್ನು ತೆರವು ಮಾಡಿದ ಮೇಲೆ ವರ್ಷದ ಕೆಲವು ತಿಂಗಳು ಮಾತ್ರ ವಾಹನಗಳು ಅಲ್ಲಿ ಸಂಚರಿಸುತ್ತವೆ. 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಸಂಚಾರಕ್ಕೆ ತೆರೆದದ್ದು 2020ರಲ್ಲಿ. ನಾವು ಹೋದಾಗ ರೋಹ್ತಾಂಗ್ ಕಣಿವೆಯನ್ನು ಹತ್ತಿಯೇ ಇಳಿಯಬೇಕಾಗಿತ್ತು. ತಾಂಡಿ ಎಂಬಲ್ಲಿನ ಪೆಟ್ರೋಲ್ ಬಂಕಿನ ಬಳಿ, ಮುಂದಿನ ಬಂಕು 365 ಕಿಲೋಮೀಟರ್ ದೂರದಲ್ಲಿದೆಯೆಂದು ಸಾರುವ ಹಲಗೆ ನಿಂತಿತ್ತು. ಅದನ್ನು ಓದಿದ ನನ್ನ ವಿದ್ಯಾರ್ಥಿ ಡಬ್ಬಿಗಳಲ್ಲಿಯೂ ಪೆಟ್ರೋಲ್ ತುಂಬಿಸಿಕೊಂಡನು.

ಬಾರಾಲಾಚಾ ಕಣಿವೆಯನ್ನು ದಾಟಿ, ಸರ್ಚು ಬಯಲಿನಲ್ಲಿ ಊಟ ಮುಗಿಸಿ ಮುಂದೆ ಸಾಗಿದೆವು. ಅಲ್ಲಿಂದಾಚೆಗೆ ಗಾಟಾ ಎಂಬ ಪ್ರಸಿದ್ಧವಾದ ಏರು. ಹೆಬ್ಬಾವು ಸುತ್ತಿಕೊಂಡಂತೆ 21 ತಿರುವುಗಳು ಬೋಳುಬೆಟ್ಟವನ್ನು ಹತ್ತುತ್ತವೆ. ಒಂದು ಮರವಿಲ್ಲ, ಒಂದು ಮನೆಯಿಲ್ಲ. ಅರ್ಧಕ್ಕಿಂತ ಹೆಚ್ಚು ತಿರುವುಗಳನ್ನು ಏರಿದ್ದೆವು. ಬಂಡಿ ಕೆಮ್ಮತೊಡಗಿತು, ಹಿಂದಿನ ಕೊಳವೆಯಿಂದ ಕರಿಹೊಗೆ ಬಂದಿತು, ಎಂಜಿನ್ನು ನಿಂತುಹೋಯಿತು. ಗಂಟೆ ನಾಲ್ಕೂವರೆಯಾಗಿತ್ತು. ಅಷ್ಟರಲ್ಲಾಗಲೇ ನನ್ನ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಎತ್ತರದ ಸ್ಥಳಗಳಲ್ಲಿ ಬರುವ ಕಾಯಿಲೆಯ ಲಕ್ಷಣಗಳಿವು. ಅಲಕ್ಷಿಸಿ ಮೇಲಕ್ಕೇರಿದರೆ ಪ್ರಾಣಕ್ಕೇ ಮುಳುವಾಗಬಹುದು. ಕತ್ತಲೆಯಾದರೆ ಕೊರೆಯುವ ಚಳಿ ಬೇರೆ.

"ಏನಾಯಿತಪ್ಪಾ?" ಎಂದೆನು.

"ನೋಡೋಣ ಮೇಷ್ಟ್ರೇ. ಐದೂವರೆಯವರೆಗೆ ಪ್ರಯತ್ನ ಮಾಡ್ತೀನಿ. ಆಗದಿದ್ದರೆ ಬ್ರೇಕು ಹಿಡಿದು ಇಳಿಜಾರಿನಲ್ಲಿ ಕೆಳಕ್ಕೆ ಜಾರಿಸಿಕೊಂಡು ಹೋಗೋಣ. ಬೆಳಕಿರುವಾಗಲೇ ಬುಡ ಸೇರಬಹುದು" ಎಂದನು.

ಬಂಡಿಯ ಮೇಲೆ ಕೈಯಿಡುವ ಮೊದಲೇ ಅವನು ಕಾಲಕ್ಕೊಂದು ಗಡಿ ಹಾಕಿಕೊಂಡಿದ್ದನು. ಬಂಡಿಯನ್ನು ತಿರುವಿನಿಂದ ದೂರಕ್ಕೆ, ಬೆಟ್ಟದ ಒಳಮಗ್ಗುಲಿಗೆ ತಳ್ಳಿ ನಿಲ್ಲಿಸಿದನು. ನೆಲದ ಮೇಲೊಂದು ಟವೆಲು ಹಾಸಿ, ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇರಿಸತೊಡಗಿದನು.

ಪೆಟ್ರೋಲ್ ಎಂಜಿನ್ನು ನಡೆಯಲು ಮುಖ್ಯವಾಗಿ ಬೇಕಾದವು ಮೂರು: ಪೆಟ್ರೋಲು, ಅದನ್ನು ಉರಿಸಲು ತಕ್ಕಷ್ಟು ಗಾಳಿ, ಹೊತ್ತಿಸಲು ಕಿಡಿ. ಅವನ ಪರೀಕ್ಷೆ ಈ ಕ್ರಮವನ್ನೇ ಅನುಸರಿಸಿತು. ಕಾರ್ಬುರೇಟರಿಗೆ ಬರುವ ಕೊಳವೆಯನ್ನು ಸಡಿಲಿಸಿದನು. ಪೆಟ್ರೋಲು ಸರಾಗವಾಗಿ ಹರಿಯಿತು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿದನು. ಅದರ ತುದಿಗೆ ಕಾಡಿಗೆಯಂತಹ ಮಸಿ ಮೆತ್ತಿಕೊಂಡು ಪೆಟ್ರೋಲಿನಿಂದ ಒದ್ದೆಯಾಗಿತ್ತು. ಹೊಸ ಪ್ಲಗ್ಗನ್ನು ಹಾಕಿ ಒದ್ದಾಗ ಎಂಜಿನ್ನು ಹೊತ್ತಿಕೊಂಡಿತು. ನಾನು ಹಿಗ್ಗಿದೆನು, ಅವನು ಹಿಗ್ಗಲಿಲ್ಲ. ಕರಿಹೊಗೆ ನಿಂತಿರಲಿಲ್ಲ. "ಇದು ಲಕ್ಷಣ ಅಷ್ಟೇ ಮೇಷ್ಟ್ರೇ, ರೋಗ ಒಳಗೇ ಇದೆ" ಎಂದು ಎಂಜಿನ್ನನ್ನು ನಿಲ್ಲಿಸಿದನು.

ಆ ರೋಗವೆಂದರೆ ಗಾಳಿಯ ಕೊರತೆ. 4,500 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಕಾರ್ಬುರೇಟರಿಗೆ ಇದು ತಿಳಿಯದು. ಬಯಲುಸೀಮೆಯ ಲೆಕ್ಕಕ್ಕೆ ಹೊಂದಿಸಿದ ಅದು, ಗಾಳಿ ತೆಳುವಾದರೂ ಪೆಟ್ರೋಲನ್ನು ಅದಕ್ಕೆ ತಕ್ಕಷ್ಟು ಕಡಿಮೆ ಮಾಡುವುದಿಲ್ಲ. ಉರಿಯದೆ ಉಳಿದ ಪೆಟ್ರೋಲು ಮಸಿಯಾಗಿ ಪ್ಲಗ್ಗನ್ನು ಮುಚ್ಚುತ್ತದೆ. ಸಾಲದುದಕ್ಕೆ ಗಾಳಿಯನ್ನು ಸೋಸುವ ಜಾಲರಿಯಲ್ಲಿ ದಾರಿಯ ಧೂಳು ತುಂಬಿತ್ತು. ಎಂಜಿನ್ನಿಗೂ ನನಗೂ ಹಿಡಿದಿದ್ದುದು ಒಂದೇ ರೋಗವೆಂಬುದು ನನಗೆ ಆಗ ಹೊಳೆಯಿತು: ಇಬ್ಬರೂ ಉಸಿರಿಗೆ ಪರದಾಡುತ್ತಿದ್ದೆವು.

ಅಷ್ಟರಲ್ಲಿ ಮೇಲಿನಿಂದ ಇಳಿದುಬಂದ ಲಾರಿಯೊಂದು ನಮ್ಮ ಪಕ್ಕದಲ್ಲಿ ನಿಂತಿತು. ಆ ದಾರಿಯಲ್ಲಿ ನಿಂತ ಬಂಡಿಯನ್ನು ಕಂಡು ವಿಚಾರಿಸದೆ ಹೋಗುವವರನ್ನು ನಾನು ಕಾಣಲಿಲ್ಲ. ಚಾಲಕನು ಪಂಜಾಬಿನವನು. ನನ್ನ ಮುಖವನ್ನು ನೋಡಿದವನೇ, ಲಾರಿ ಹತ್ತಿ ತನ್ನೊಡನೆ ಕೆಳಗಿಳಿಯುವಂತೆ ಹಿಂದಿಯಲ್ಲಿ ಹೇಳಿದನು. "ನೀವು ಹೋಗಿ ಮೇಷ್ಟ್ರೇ, ನಾನು ಹಿಂದೆ ಬರ್ತೀನಿ" ಎಂದನು ನನ್ನ ವಿದ್ಯಾರ್ಥಿ. ಅವನನ್ನು ಒಬ್ಬನನ್ನೇ ಆ ಬೆಟ್ಟದಲ್ಲಿ ಬಿಟ್ಟುಹೋಗಲು ನನಗೆ ಮನಸ್ಸು ಬಾರದು. ನಿಂತರೆ ದೇಹ ತಡೆಯದು. ನಮ್ಮ ತೊಳಲಾಟವನ್ನು ಕಂಡ ಚಾಲಕನು ಲಾರಿಯನ್ನು ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ನನ್ನ ಕೈಗೆ ಬಿಸಿ ಚಹಾ ಇತ್ತು, ಬಂಡಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತನು. ಇಬ್ಬರೂ ಹೊರಡುವವರೆಗೆ ತಾನೂ ಕದಲುವುದಿಲ್ಲವೆಂದನು. ಅವನಿಗೆ ಕನ್ನಡ ಬಾರದು. ನನ್ನ ವಿದ್ಯಾರ್ಥಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೆ ಸ್ಪ್ಯಾನರ್ ಬೇಕೆಂದು ಒಬ್ಬನು ಕೈ ಚಾಚಿದರೆ, ಬೇಕಾದ ಅಳತೆಯದನ್ನೇ ಇನ್ನೊಬ್ಬನು ಕೊಡುತ್ತಿದ್ದನು.

ಜಾಲರಿಯ ಧೂಳನ್ನು ತಟ್ಟಿ ಉದುರಿಸಿದರು. ಕಾರ್ಬುರೇಟರಿನೊಳಗಿನ ಸೂಜಿಯನ್ನು ಒಂದು ಕಚ್ಚು ಕೆಳಗಿಳಿಸಿ ಪೆಟ್ರೋಲಿನ ಹರಿವನ್ನು ತಗ್ಗಿಸಿದರು. ಬಿಚ್ಚಿದ ಕ್ರಮಕ್ಕೆ ಹಿಮ್ಮೊಗವಾಗಿ ಎಲ್ಲವನ್ನೂ ಜೋಡಿಸಿ ಒದ್ದಾಗ, ಎಂಜಿನ್ನು ಹೊಗೆಯಿಲ್ಲದೆ ಒಂದೇ ಸಮನೆ ಗುಡುಗತೊಡಗಿತು. ಐದೂವರೆಗೆ ಇನ್ನೂ ಹತ್ತು ನಿಮಿಷವಿತ್ತು.

ಬಂಡಿ ಸರಿಯಾದ ಮೇಲೆ ಮುಂದಕ್ಕೆ ಹೋಗಬೇಕೆನಿಸುವುದು ಸಹಜ. ಆದರೆ ಮುಂದೆ ಲಾಚುಲುಂಗ್ ಕಣಿವೆ 5,000 ಮೀಟರಿಗೂ ಎತ್ತರ; ನಾವು ತಂಗಬೇಕೆಂದಿದ್ದ ಪಾಂಗ್ ಬಿಡಾರವೂ ಸರ್ಚುವಿಗಿಂತ ಎತ್ತರದಲ್ಲಿದೆ. ನನ್ನ ವಿದ್ಯಾರ್ಥಿ ಬಂಡಿಯ ಮೂತಿಯನ್ನು ಸರ್ಚುವಿನ ಕಡೆಗೆ ತಿರುಗಿಸಿದನು. ನಾನು ಲಾರಿಯಲ್ಲಿ ಕುಳಿತೆನು; ಅವನು ಅದರ ಹಿಂದೆ ಬಂದನು. ಕೆಳಗಿಳಿದಂತೆ ತಲೆನೋವು ತಗ್ಗಿತು. ಅಲ್ಲಿ ಎರಡು ರಾತ್ರಿ ಕಳೆದು, ಉಸಿರಾಟ ಹಿಡಿತಕ್ಕೆ ಬಂದ ಮೇಲೆ ಮತ್ತೆ ಹೊರಟು ಲೇಹ್ ಸೇರಿದೆವು. ಬಯಲಿಗೆ ಇಳಿದಾಗ ಕಾರ್ಬುರೇಟರಿನ ಸೂಜಿಯನ್ನು ಮೊದಲಿನ ಕಚ್ಚಿಗೇ ಏರಿಸುವುದನ್ನು ಅವನು ಮರೆಯಲಿಲ್ಲ; ದಟ್ಟವಾದ ಗಾಳಿಗೆ ಪೆಟ್ರೋಲು ಸಾಲದಿದ್ದರೆ ಎಂಜಿನ್ನು ಮಿತಿಮೀರಿ ಕಾಯುತ್ತದೆ.

1973ರಲ್ಲಿ ಟೆಡ್ ಸೈಮನ್ ಎಂಬ ಪತ್ರಕರ್ತರು ಇಂಗ್ಲೆಂಡಿನಿಂದ ಮೋಟಾರು ಸೈಕಲ್ಲಿನ ಮೇಲೆ ಹೊರಟು ನಾಲ್ಕು ವರ್ಷಗಳ ಕಾಲ ಜಗತ್ತನ್ನು ಸುತ್ತಿದರು. ಪ್ರಯಾಣಕ್ಕೆ ಒದಗುವ ತಡೆಗಳೇ ಪ್ರಯಾಣದ ಸಾರವೆಂಬ ಅರಿವು ಅವರಿಗೆ ದಾರಿಯಲ್ಲಿ ಮೂಡಿತು. ಬಂಡಿ ಓಡುತ್ತಿರುವಾಗ ಊರುಗಳು ಹಿಂದೆ ಸರಿಯುತ್ತವೆ; ಬಂಡಿ ನಿಂತಾಗಲೇ ಊರಿನವರು ಹತ್ತಿರಕ್ಕೆ ಬರುತ್ತಾರೆ. ಈಗಿನ ಹೆಚ್ಚಿನ ಹೊಸ ಬಂಡಿಗಳಲ್ಲಿ ಕಾರ್ಬುರೇಟರ್ ಇಲ್ಲ. ಗಾಳಿಯ ಒತ್ತಡವನ್ನು ತಾನೇ ಅಳೆದು ಪೆಟ್ರೋಲನ್ನು ಹದಗೊಳಿಸುವ ವಿದ್ಯುನ್ಮಾನ ವ್ಯವಸ್ಥೆಯಿದೆ. ಇದು ಒಳ್ಳೆಯ ಬೆಳವಣಿಗೆಯೇ. ಆದರೂ ಚಕ್ರ ಪಂಕ್ಚರಾಗುತ್ತದೆ, ಕ್ಲಚ್ಚಿನ ತಂತಿ ಕಡಿಯುತ್ತದೆ. ಆಗ ಬೇಕಾಗುವುದು ಗಾಬರಿಗೊಳ್ಳದ ಮನಸ್ಸು, ಸುಲಭವಾದುದನ್ನು ಮೊದಲು ನೋಡುವ ಕ್ರಮ, ಲಕ್ಷಣಕ್ಕೆ ಮರುಳಾಗದೆ ಕಾರಣವನ್ನು ಹುಡುಕುವ ತಾಳ್ಮೆ, ಪರರ ನೆರವನ್ನು ಸಂಕೋಚವಿಲ್ಲದೆ ಪಡೆದು ಹಾಗೆಯೇ ನೀಡುವ ಸೌಜನ್ಯ. ಕೆಟ್ಟ ಬಂಡಿಯನ್ನು ನಡೆಯುವಂತೆ ಮಾಡುವುದು ಕೈಯ ಚಾತುರ್ಯ. ನಡೆಯುವ ಬಂಡಿಯನ್ನು ಯಾವಾಗ ಹಿಂದಿರುಗಿಸಬೇಕೆಂದು ತಿಳಿಯುವುದು ವಿವೇಕ.

ಅಭ್ಯಾಸ

1. ಹಿಂದಿನ ಕಾಲದ ರೈತನು ಪ್ರಯಾಣಕ್ಕೆ ಹೇಗೆ ಸಿದ್ಧನಾಗುತ್ತಿದ್ದನು?
2. ಎತ್ತರದ ಪ್ರದೇಶದಲ್ಲಿ ಎಂಜಿನ್ನು ಕೆಡಲು ಕಾರಣವೇನು? ವಿವರಿಸಿ.
3. "ಇದು ಲಕ್ಷಣ ಅಷ್ಟೇ ಮೇಷ್ಟ್ರೇ, ರೋಗ ಒಳಗೇ ಇದೆ." ಈ ಮಾತನ್ನು ಯಾರು, ಯಾವಾಗ ಹೇಳಿದರು?
4. ಬಂಡಿ ಸರಿಯಾದ ಮೇಲೂ ಪ್ರಯಾಣಿಕರು ಹಿಂದಿರುಗಿದ್ದು ಸರಿಯೇ? ಚರ್ಚಿಸಿ.