ನೇರ ಬಾಯಿಯ ಮಡಚು ಚಾಕು: ಯಾವ ಕೆಲಸಕ್ಕೆ ಯಾವ ಮಾದರಿ?

ನೇಗಿಲು, ಪಂಪ್‌ಸೆಟ್ಟು, ಸಿಂಪರಣಾ ಯಂತ್ರ ಇವುಗಳನ್ನು ಕೊಳ್ಳುವಾಗ ರೈತರು ನಾಲ್ಕು ಜನರನ್ನು ವಿಚಾರಿಸಿ, ನಾಲ್ಕು ಅಂಗಡಿ ನೋಡಿ ಕೊಳ್ಳುತ್ತಾರೆ. ಆದರೆ ದಿನಕ್ಕೆ ಹತ್ತಾರು ಬಾರಿ ಕೈಗೆ ಬರುವ ಜೇಬಿನ ಚಾಕುವನ್ನು ಸಂತೆಯಲ್ಲಿ ಸಿಕ್ಕಿದ್ದನ್ನೇ ತರುವುದು ವಾಡಿಕೆ. ಹಗ್ಗ ಕೊಯ್ಯುವುದಕ್ಕೆ, ಗೊಬ್ಬರದ ಚೀಲ ಬಿಚ್ಚುವುದಕ್ಕೆ ಯಾವ ಚಾಕುವಾದರೂ ನಡೆಯಬಹುದು. ಅದೇ ಚಾಕು ಕಸಿ ಕಟ್ಟುವ ಕೆಲಸಕ್ಕೆ ಇಳಿದಾಗ ಮಾತ್ರ ಅಲಗಿನ ಆಕಾರ ಮುಖ್ಯವಾಗುತ್ತದೆ. ಕಡಿತ ಸರಿಯಾಗದಿದ್ದರೆ ಕಸಿ ಹಿಡಿಯುವುದಿಲ್ಲ. ಹಿಡಿಯದ ಕಸಿಯ ಜೊತೆಗೆ ಬೆಳೆಸಿದ ಬೇರು ಸಸಿ, ಆರಿಸಿ ತಂದ ಕಸಿ ಕಡ್ಡಿ ಮತ್ತು ಒಂದು ಹಂಗಾಮು ಮೂರೂ ನಷ್ಟವಾಗುತ್ತವೆ. ಆದುದರಿಂದ ಚಾಕುವಿನ ಆಯ್ಕೆಯನ್ನು ಅಲಕ್ಷಿಸುವುದು ಸರಿಯಲ್ಲ.

ನೇರ ಬಾಯಿಯ ಗುಣವೇನು?

ಅಲಗಿನ ಹರಿತವಾದ ಅಂಚನ್ನು ಬಾಯಿ ಎಂದೂ, ಅದರ ಎದುರಿನ ದಪ್ಪ ಅಂಚನ್ನು ಬೆನ್ನು ಎಂದೂ ಕರೆಯೋಣ. ಅಡಿಗೆಮನೆಯ ಚಾಕು ಹಾಗೂ ಸಾಮಾನ್ಯ ಮಡಚು ಚಾಕುಗಳ ಬಾಯಿ ತುದಿಯ ಕಡೆಗೆ ಬಾಗಿ ಮೇಲಕ್ಕೇರುತ್ತದೆ. ನೇರ ಬಾಯಿಯ ಚಾಕುವಿನಲ್ಲಿ ಹಿಡಿಯಿಂದ ತುದಿಯವರೆಗೆ ಬಾಯಿ ಅಳತೆಪಟ್ಟಿಯಂತೆ ಒಂದೇ ಗೆರೆಯಲ್ಲಿರುತ್ತದೆ. ತುದಿಯಲ್ಲಿ ಬೆನ್ನೇ ಕೆಳಗಿಳಿದು ಬಾಯಿಯನ್ನು ಸೇರುತ್ತದೆ.

ಇದರಿಂದ ಮೂರು ಅನುಕೂಲಗಳಿವೆ. ಮೊದಲನೆಯದಾಗಿ, ಒಂದೇ ಎಳೆತದಲ್ಲಿ ಕೊಯ್ದಾಗ ಕಡಿತದ ಮುಖ ಸಮತಟ್ಟಾಗಿ ಬರುತ್ತದೆ. ಎರಡನೆಯದಾಗಿ, ಹಲಗೆಯ ಮೇಲಿಟ್ಟು ಒತ್ತಿದರೆ ಬಾಯಿಯ ಪೂರ್ತಿ ಉದ್ದ ಕೆಲಸ ಮಾಡುತ್ತದೆ. ಮೂರನೆಯದಾಗಿ, ಸಾಣೆಕಲ್ಲಿನ ಮೇಲೆ ಕೈ ತಿರುಗಿಸದೆಯೇ ಮಸೆಯಬಹುದು. ಹೊಸದಾಗಿ ಮಸೆಯಲು ಕಲಿಯುವವರಿಗೆ ಇದಕ್ಕಿಂತ ಸುಲಭವಾದ ಅಲಗು ಇಲ್ಲ.

ಮೂರು ಹಳೆಯ ಮಾದರಿಗಳು

ನೇರ ಬಾಯಿಯ ಮಡಚು ಚಾಕುಗಳಲ್ಲಿ ಮೂರು ಮಾದರಿಗಳು ಹೆಸರಾಗಿವೆ. ಇವು ಪ್ರಸಿದ್ಧಿಗೆ ಬಂದದ್ದು ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಚಾಕು ತಯಾರಕರಿಂದ. ಇಂದು ಹಲವು ದೇಶಗಳ ಚಾಕುಗಳಲ್ಲಿ ಇದೇ ಆಕಾರಗಳನ್ನು ಕಾಣಬಹುದು. ಮೂರರಲ್ಲೂ ಬಾಯಿ ಒಂದೇ ರೀತಿ ಇರುತ್ತದೆ. ವ್ಯತ್ಯಾಸವೆಲ್ಲ ಬೆನ್ನು ಮತ್ತು ತುದಿಯಲ್ಲಿ.

1. ಕುರಿಗೊರಸು (ಶೀಪ್‌ಫೂಟ್): ಬೆನ್ನು ಬಾಯಿಗೆ ಸಮಾನಾಂತರವಾಗಿ ಸಾಗಿ, ತುದಿಯ ಹತ್ತಿರ ಥಟ್ಟನೆ ಬಾಗಿ ಕೆಳಗಿಳಿಯುತ್ತದೆ. ಅಲಗು ಕೊನೆಯವರೆಗೂ ಅಗಲವಾಗಿರುತ್ತದೆ, ತುದಿಗೆ ಚುಚ್ಚುವ ಮೊನೆ ಇರುವುದಿಲ್ಲ. ಓಲಾಡುವ ಹಡಗಿನಲ್ಲಿ ಹಗ್ಗ ಕೊಯ್ಯುವಾಗ ಹಾಯಿಗಾಗಲಿ ಕೈಗಾಗಲಿ ಮೊನೆ ನೆಡಬಾರದೆಂದು ನಾವಿಕರು ಇದನ್ನೇ ಮೆಚ್ಚಿದ್ದರು. ದನ ಕಟ್ಟಿದ ಹಗ್ಗವನ್ನು ಅವಸರದಲ್ಲಿ ಕೊಯ್ಯಬೇಕಾದ ರೈತನಿಗೂ ಇದೇ ಗುಣ ಬೇಕಾದದ್ದು. ಬಿತ್ತನೆ ಬೀಜದ ಚೀಲ ಬಿಚ್ಚುವುದು, ಹನಿ ನೀರಾವರಿಯ ಪಾರ್ಶ್ವ ಕೊಳವೆಯನ್ನು ಚೌಕಾಗಿ ಕೊಯ್ಯುವುದು, ಬಿತ್ತನೆ ಆಲೂಗೆಡ್ಡೆಯನ್ನು ಹೋಳು ಮಾಡುವುದು ಇವಕ್ಕೆ ಇದು ತಕ್ಕದ್ದು.

2. ಕುರಿಮರಿ ಗೊರಸು (ಲ್ಯಾಂಬ್‌ಫೂಟ್): ಇಲ್ಲಿ ಬೆನ್ನೂ ನೇರವಾಗಿಯೇ ಇದ್ದು, ಹಿಡಿಯಿಂದ ತುದಿಯ ಕಡೆಗೆ ನಿಧಾನವಾಗಿ ಇಳಿಜಾರಾಗಿರುತ್ತದೆ. ಕೊನೆಯಲ್ಲಿ ಓರೆಯಾಗಿ ಕತ್ತರಿಸಿದಂತೆ ಬಾಯಿಯನ್ನು ಸೇರುತ್ತದೆ. ಅಲಗು ಕುರಿಗೊರಸಿಗಿಂತ ಕಿರಿದು, ತುದಿ ಸ್ವಲ್ಪ ಚೂಪು. ಒಂದೇ ಚಾಕುವಿನಲ್ಲಿ ಎಲ್ಲ ಕೆಲಸ ನಡೆಯಬೇಕೆನ್ನುವವರಿಗೆ ಇದು ಒಗ್ಗುತ್ತದೆ.

3. ವಾರ್ನ್‌ಕ್ಲಿಫ್: ಲಾರ್ಡ್ ವಾರ್ನ್‌ಕ್ಲಿಫ್ ಅವರ ಹೆಸರಿನ ಈ ಮಾದರಿಯನ್ನು 19ನೆಯ ಶತಮಾನದಲ್ಲಿ ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಕಂಪನಿ ತಯಾರಿಸಿತು. ಇದರ ಬೆನ್ನು ಹಿಡಿಯ ಸಮೀಪದಿಂದಲೇ ಬಾಗುತ್ತಾ ಬಂದು ಸಣ್ಣ ಚೂಪು ಮೊನೆಯಲ್ಲಿ ಕೊನೆಗೊಳ್ಳುತ್ತದೆ. ಮೊನೆ ಬಾಯಿಯ ಗೆರೆಯಲ್ಲೇ ಇರುವುದರಿಂದ ಬೇಕಾದ ಜಾಗದಲ್ಲಿ ಕರಾರುವಾಕ್ಕಾಗಿ ಕಚ್ಚು ಹಾಕಬಹುದು. ಆದರೆ ಮೊನೆ ತೆಳುವಾದ್ದರಿಂದ ಬೇಗ ಮುರಿಯುತ್ತದೆ. ಕೈ ಜಾರಿದರೆ ಆಳವಾಗಿ ಗಾಯ ಮಾಡುವುದೂ ಇದೇ.

ಕಸಿ ಕೆಲಸದಲ್ಲಿ ಆಯ್ಕೆ

ಬೇರು ಸಸಿ ಮತ್ತು ಕಸಿ ಕಡ್ಡಿ ಒಂದಾಗುವುದು ಕೇಂಬಿಯಂ ಎಂಬ ತೆಳುವಾದ ಪದರದ ಮೂಲಕ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಈ ಪದರದ ಜೀವಕೋಶಗಳು ವೃದ್ಧಿಯಾಗಿ ಎರಡು ಭಾಗಗಳನ್ನು ಬೆಸೆಯುತ್ತವೆ. ಇದಕ್ಕೆ ಎರಡೂ ಕಡಿತದ ಮುಖಗಳು ಸಂದಿಲ್ಲದೆ ಕೂಡಬೇಕು, ಕೊನೆಯ ಪಕ್ಷ ಒಂದು ಬದಿಯಲ್ಲಾದರೂ ಕೇಂಬಿಯಂ ಕೇಂಬಿಯಂಗೆ ತಾಗಬೇಕು.

ಗೇರು, ಮಾವು ಮೊದಲಾದವುಗಳ ಮೆದುಕಾಂಡ ಕಸಿಯಲ್ಲಿ ಬೇರು ಸಸಿಯ ಕಾಂಡವನ್ನು ನಡುವೆ ಸೀಳಿ, ಕಸಿ ಕಡ್ಡಿಯ ಬುಡವನ್ನು ಬೆಣೆಯಾಕಾರಕ್ಕೆ ಕೊಯ್ದು ಸೇರಿಸುತ್ತಾರೆ. ಬಾಗಿದ ಬಾಯಿಯ ಚಾಕುವಿನಿಂದ ಬೆಣೆ ಮಾಡಿದರೆ ಮಣಿಕಟ್ಟು ತಿರುಗಿ, ಮುಖ ಚಮಚದಂತೆ ಹಳ್ಳವಾಗುವ ಸಂಭವ ಹೆಚ್ಚು. ಮೇಲೆ ಪ್ಲಾಸ್ಟಿಕ್ ಪಟ್ಟಿ ಎಷ್ಟು ಬಿಗಿಯಾಗಿ ಸುತ್ತಿದರೂ ಒಳಗಿನ ಹಳ್ಳ ತುಂಬುವುದಿಲ್ಲ. ಅಲ್ಲಿ ಗಾಳಿ ನಿಂತು ಕಡಿತ ಒಣಗುತ್ತದೆ ಅಥವಾ ನೀರು ನಿಂತು ಕೊಳೆಯುತ್ತದೆ. ನೇರ ಬಾಯಿಯಿಂದ, ಪ್ರತಿ ಮುಖಕ್ಕೆ ಒಂದೇ ಎಳೆತದಂತೆ ಕೊಯ್ದ ಬೆಣೆ ಸೀಳಿನಲ್ಲಿ ಬಿಗಿಯಾಗಿ ಕೂಡುತ್ತದೆ. ಈ ಕೆಲಸಕ್ಕೆ ಕಿರಿದಾದ ಕುರಿಮರಿ ಗೊರಸು ಅಥವಾ ತೆಳು ಅಲಗಿನ ಕುರಿಗೊರಸು ಸಾಕು. ಚೂಪು ಮೊನೆಯ ಅಗತ್ಯವಿಲ್ಲ.

ಗುಲಾಬಿ ಹಾಗೂ ಕಿತ್ತಳೆ ಜಾತಿಯ ಗಿಡಗಳ ಕಣ್ಣು ಕಸಿಯ ರೀತಿ ಬೇರೆ. ಇಲ್ಲಿ ತೊಗಟೆಯ ಮೇಲೆ ಟಿ ಅಕ್ಷರದಂತೆ ಕಚ್ಚು ಹಾಕಬೇಕು. ಕಚ್ಚು ತೊಗಟೆಯನ್ನು ದಾಟಿ ಕಟ್ಟಿಗೆಗೆ ಇಳಿಯಬಾರದು. ಮೊನೆ ಚೂಪಾದ ವಾರ್ನ್‌ಕ್ಲಿಫ್ ಇದಕ್ಕೆ ಅನುಕೂಲ. ತೊಗಟೆ ಎಬ್ಬಿಸಲು ಮೊಂಡು ನಾಲಿಗೆ ಇರುವ ಕಣ್ಣು ಕಸಿಯ ಚಾಕು ದೊರೆತರೆ ಇನ್ನೂ ಒಳ್ಳೆಯದು.

ಕಸಿಗೆಂದೇ ಮಾಡಿದ ಕೆಲವು ಚಾಕುಗಳನ್ನು ಒಂದೇ ಬದಿಯಲ್ಲಿ ಸಾಣೆ ಹಿಡಿದಿರುತ್ತಾರೆ. ಅದರ ಚಪ್ಪಟೆ ಮೈ ಉಳಿಯಬೇಕಾದ ಕಡ್ಡಿಯ ಕಡೆಗೆ ಬರಬೇಕು. ಇಂಥ ಚಾಕು ಬಲಗೈಯವರಿಗೆ ಬೇರೆ, ಎಡಗೈಯವರಿಗೆ ಬೇರೆ. ಕೊಳ್ಳುವ ಮೊದಲು ಒಂದು ಹಸಿ ಕಡ್ಡಿಯನ್ನು ಕೊಯ್ದು ನೋಡುವುದು ಲೇಸು.

ನೇರ ಬಾಯಿ ಎಲ್ಲಿ ಬೇಡ?

ಬಲಿತ ರೆಂಬೆಯನ್ನು ಎಳೆದು ಕೊಯ್ಯುವಾಗ ನೇರ ಬಾಯಿ ಜಾರುತ್ತದೆ. ಅದಕ್ಕೆ ಒಳಬಾಗಿನ ಸವರುವ ಚಾಕು, ಕುಡುಗೋಲು ಅಥವಾ ಕತ್ತರಿಯೇ ಸರಿ. ಚರ್ಮ ಸುಲಿಯಲು ಬಾಗಿದ ಬಾಯಿಯೇ ಬೇಕು. ಮಡಚು ಚಾಕುವಿನಿಂದ ಡಬ್ಬಿಯ ಮುಚ್ಚಳ ಮೀಟುವುದು, ಸ್ಕ್ರೂ ತಿರುಗಿಸುವುದು ಯಾವ ಮಾದರಿಗೂ ಸಲ್ಲದು.

ಕೊಳ್ಳುವಾಗ ಪರೀಕ್ಷೆ

ಚಾಕುವಿನ ಬಾಯಿಯನ್ನು ಗಾಜಿನ ತುಂಡಿನ ಮೇಲೆ ಮೆಲ್ಲಗೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಬೇಕು. ನಡುವೆ ಬೆಳಕು ಕಂಡರೆ ಬಾಯಿ ಒಳಬಾಗಿದೆ. ಅಲಗು ತೊಟ್ಟಿಲಿನಂತೆ ಆಡಿದರೆ ಹೊರಬಾಗಿದೆ. ಎರಡೂ ಕಸಿಗೆ ಬೇಡ. ಅಲಗು ತೆರೆದಾಗ ಅಕ್ಕಪಕ್ಕ ಅಲುಗಾಡಬಾರದು. ಮಡಚಿದಾಗ ಬಾಯಿ ಒಳಗಿನ ಸ್ಪ್ರಿಂಗ್ ಪಟ್ಟಿಗೆ ಬಡಿಯಬಾರದು. ಬಡಿದರೆ ಪ್ರತಿ ಬಾರಿಯೂ ಹರಿತ ಕೆಡುತ್ತದೆ. ಒದ್ದೆ ಕೈಯಲ್ಲಿ ಹಿಡಿ ಜಾರಬಾರದು.

ಇಂಗಾಲದ ಉಕ್ಕಿನ ಅಲಗು ಸುಲಭವಾಗಿ ಹರಿತಕ್ಕೆ ಬರುತ್ತದೆ, ಆದರೆ ಗಿಡದ ರಸ ತಾಗಿ ಕಪ್ಪಾಗುತ್ತದೆ, ತುಕ್ಕು ಹಿಡಿಯುತ್ತದೆ. ಒರೆಸಿ ಎಣ್ಣೆ ಸವರುವ ಅಭ್ಯಾಸವಿದ್ದವರಿಗೆ ಇದು ಉತ್ತಮ. ಅಭ್ಯಾಸವಿಲ್ಲದವರಿಗೆ, ಕರಾವಳಿ ಮಲೆನಾಡಿನ ಮಳೆಯಲ್ಲಿ ಕೆಲಸ ಮಾಡುವವರಿಗೆ ಸ್ಟೇನ್‌ಲೆಸ್ ಉಕ್ಕು ವಾಸಿ.

ಅಂಗಡಿಯಲ್ಲಿ ಬೇಕಾದ ಮಾದರಿ ಸಿಗದಿದ್ದರೆ ಅಲಗಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಊರಿನ ಕಮ್ಮಾರರಿಗೆ ಕೊಡಬಹುದು. ಮಡಚುವ ಚಾಕು ಆಗದಿದ್ದರೂ ಒರೆ ಇರುವ ಸಣ್ಣ ನೇರ ಚಾಕು ಕಸಿಗೆ ಚೆನ್ನಾಗಿಯೇ ನಡೆಯುತ್ತದೆ.

ಮಸೆಯುವ ಕ್ರಮ

ಎರಡೂ ಬದಿ ಸಾಣೆಯಿರುವ ಚಾಕುವನ್ನು ಕಲ್ಲಿನ ಮೇಲೆ ಮಲಗಿಸಿ ಬೆನ್ನನ್ನು ತುಸು ಎತ್ತಬೇಕು. ಅಲಗು 15 ಮಿ.ಮೀ. ಅಗಲವಿದ್ದರೆ ಬೆನ್ನು ಸುಮಾರು 4 ಮಿ.ಮೀ. ಎತ್ತರದಲ್ಲಿದ್ದಾಗ 15 ಡಿಗ್ರಿ ಕೋನ ಬರುತ್ತದೆ. ಕೋನ ಬದಲಾಗದಂತೆ ಎರಡೂ ಬದಿಯನ್ನು ಸಮನಾಗಿ ಮಸೆದು, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೆಳೆದು ನಯಗೊಳಿಸಬೇಕು. ಒಂದೇ ಬದಿ ಸಾಣೆಯ ಚಾಕುವಾದರೆ ಇಳಿಜಾರು ಮುಖವನ್ನು ಮಾತ್ರ ಮಸೆದು, ಚಪ್ಪಟೆ ಮೈಯನ್ನು ಕಲ್ಲಿಗೆ ಪೂರ್ತಿ ಒರಗಿಸಿ ಒಂದೆರಡು ಬಾರಿ ಎಳೆದರೆ ಸಾಕು.

ಕಲ್ಲಿನ ನಡುಭಾಗವನ್ನೇ ಬಳಸುತ್ತಾ ಹೋದರೆ ಕಲ್ಲು ಗುಳಿ ಬೀಳುತ್ತದೆ. ಗುಳಿ ಬಿದ್ದ ಕಲ್ಲಿನಲ್ಲಿ ನೇರ ಬಾಯಿ ನೇರವಾಗಿ ಉಳಿಯುವುದಿಲ್ಲ. ಹಾಗಾಗಿ ಕಲ್ಲಿನ ಪೂರ್ತಿ ಉದ್ದ ಬಳಸಬೇಕು. ಯಂತ್ರದ ಸಾಣೆಚಕ್ರಕ್ಕೆ ಕೊಟ್ಟಾಗ ಅಲಗಿನ ತುದಿ ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತೆಂದೇ ತಿಳಿಯಬೇಕು. ಆ ಭಾಗದಲ್ಲಿ ಮತ್ತೆ ಹರಿತ ನಿಲ್ಲದು.

ಚಾಕುವೇ ರೋಗ ಹರಡಬಾರದು

ದಾಳಿಂಬೆಯ ದುಂಡಾಣು ಅಂಗಮಾರಿ, ಆಲೂಗೆಡ್ಡೆಯ ದುಂಡಾಣು ಸೊರಗು ರೋಗ, ಕಿತ್ತಳೆ ಜಾತಿಯ ಎಕ್ಸೊಕಾರ್ಟಿಸ್ ರೋಗ ಇವೆಲ್ಲ ಕೊಯ್ಯುವ ಉಪಕರಣದ ಮೂಲಕವೂ ಒಂದು ಗಿಡದಿಂದ ಇನ್ನೊಂದಕ್ಕೆ ಸಾಗಬಲ್ಲವು. ಇವುಗಳಲ್ಲಿ ಎಕ್ಸೊಕಾರ್ಟಿಸ್‌ಗೆ ಕಾರಣವಾದ ವೈರಾಯ್ಡ್ ಸ್ಪಿರಿಟ್ಟಿಗೂ ಬೆಂಕಿಯಲ್ಲಿ ತೋರಿಸಿದ್ದಕ್ಕೂ ಬಗ್ಗುವುದಿಲ್ಲ. ಶೇಕಡಾ 1ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅಲಗನ್ನು ಅದ್ದಬೇಕು. ಬಾಟಲಿಯ ಮೇಲೆ ಶೇಕಡಾ 4 ಎಂದಿದ್ದರೆ ಒಂದು ಪಾಲು ದ್ರಾವಣಕ್ಕೆ ಮೂರು ಪಾಲು ನೀರು ಬೆರೆಸಿದರೆ ಈ ಪ್ರಮಾಣ ದೊರೆಯುತ್ತದೆ. ದ್ರಾವಣವನ್ನು ಪ್ರತಿದಿನ ಹೊಸದಾಗಿ ತಯಾರಿಸಬೇಕು. ಒಂದು ಮರದ ಕಡ್ಡಿ ಮುಗಿಸಿ ಇನ್ನೊಂದಕ್ಕೆ ಹೋಗುವಾಗಲೆಲ್ಲ ಅದ್ದುವುದು ಅವಶ್ಯ. ಈ ದ್ರಾವಣ ಉಕ್ಕನ್ನು ತಿನ್ನುವುದರಿಂದ ಕೆಲಸ ಮುಗಿದ ಕೂಡಲೇ ಚಾಕುವನ್ನು ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಬೇಕು.

ಗಾಯದ ಎಚ್ಚರ

ಹೆಚ್ಚಿನ ಹಳೆಯ ಮಾದರಿಯ ಮಡಚು ಚಾಕುಗಳಿಗೆ ಬೀಗವಿರುವುದಿಲ್ಲ. ಅಲಗನ್ನು ಹಿಡಿದಿಡುವುದು ಸ್ಪ್ರಿಂಗ್ ಮಾತ್ರ. ತುದಿಯಿಂದ ಚುಚ್ಚಿ ಒತ್ತಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳಬಹುದು. ಕಡ್ಡಿ ಹಿಡಿದ ಕೈಯ ಹೆಬ್ಬೆರಳಿಗೆ ಬಟ್ಟೆ ಅಥವಾ ಚರ್ಮ ಸುತ್ತಿಕೊಳ್ಳಬೇಕು. ಮೊಂಡ ಚಾಕುವಿಗೆ ಬಲ ಹೆಚ್ಚು ಹಾಕಬೇಕಾದ್ದರಿಂದ ಅದು ಜಾರಿ ಗಾಯವಾಗುವುದೂ ಹೆಚ್ಚು. ಗಾಯವಾದರೆ ಮಣ್ಣು, ಸುಣ್ಣ ಮೆತ್ತದೆ ಶುದ್ಧ ನೀರಿನಲ್ಲಿ ಸೋಪು ಹಾಕಿ ತೊಳೆದು, ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

ನೆನಪಿಡಬೇಕಾದ ಅಂಶಗಳು

1. ಹಗ್ಗ, ಚೀಲ, ಕೊಳವೆ ಕೊಯ್ಯಲು ಹಾಗೂ ದನಕರುಗಳ ನಡುವೆ ಕೆಲಸ ಮಾಡಲು ಕುರಿಗೊರಸು.

2. ಮೆದುಕಾಂಡ ಕಸಿಗೆ, ಒಂದೇ ಚಾಕು ಸಾಕೆನ್ನುವವರಿಗೆ ಕುರಿಮರಿ ಗೊರಸು.

3. ಕಣ್ಣು ಕಸಿಯಂಥ ಸೂಕ್ಷ್ಮ ಕೆಲಸಕ್ಕೆ, ನುರಿತ ಕೈಗೆ ಮಾತ್ರ ವಾರ್ನ್‌ಕ್ಲಿಫ್.

4. ಎರಡು ಚಾಕು ಕೊಳ್ಳುವ ಶಕ್ತಿಯಿದ್ದರೆ ಒಂದನ್ನು ಕಸಿಗೆಂದೇ ಮೀಸಲಿಟ್ಟು, ಅದರಿಂದ ದಾರವನ್ನೂ ಕೊಯ್ಯಬಾರದು.

ವಿಸ್ತರಣಾ ಕಾರ್ಯಕರ್ತರು ಕಸಿ ತರಬೇತಿಯನ್ನು ಏರ್ಪಡಿಸುವಾಗ ಮೊದಲ ಒಂದು ಗಂಟೆಯನ್ನು ಚಾಕುವಿನ ಪರೀಕ್ಷೆಗೂ ಮಸೆಯುವುದಕ್ಕೂ ಕೊಟ್ಟರೆ, ಉಳಿದ ಹೊತ್ತಿನಲ್ಲಿ ಕಲಿಸಿದ್ದು ತೋಟದಲ್ಲಿ ಫಲ ಕೊಡುತ್ತದೆ.