ಮೆಟ್ಟಿಲಿರುವ ನೀರು

*ಇಂದಿನ ಧಮ್ಮ ಚಿಂತನೆ*
(ಶ್ರೀಗಂಧದ ಕಾವಲಿನ ನಮ್ಮ ಭಾನುವಾರದ ಬಳಗದಿಂದ)



ಹೋದ ಭಾನುವಾರ ಬಳಗದಲ್ಲಿ ಅಂಗುತ್ತರ ನಿಕಾಯದ ಪಹಾರಾದ ಸುತ್ತ ಓದಿದೆವು. ಅದರಲ್ಲಿ ಅಸುರ ಪಹಾರಾದ ಮಹಾಸಮುದ್ರದ ಎಂಟು ಗುಣಗಳನ್ನು ಹೇಳುತ್ತಾನೆ, ಭಗವಾನ್ ಬುದ್ಧರು ಧಮ್ಮಕ್ಕೂ ಅಂಥವೇ ಎಂಟು ಗುಣಗಳಿವೆ ಎಂದು ತಿಳಿಸುತ್ತಾರೆ. ಮೊದಲನೆಯ ಗುಣ ಇದು: ಸಮುದ್ರ ದಡದಿಂದ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, ಕಾಲಿಟ್ಟ ಕೂಡಲೇ ಪ್ರಪಾತ ಇರುವುದಿಲ್ಲ. ಹಾಗೆಯೇ ಧಮ್ಮದಲ್ಲಿ ಕಲಿಕೆಯೂ ಅಭ್ಯಾಸವೂ ಹಂತ ಹಂತವಾಗಿ ನಡೆಯುತ್ತವೆ.

ಓದುವಾಗ ಒಬ್ಬರು ಕೇಳಿದರು: "ಇದರಲ್ಲಿ ಅಂಥಾ ವಿಶೇಷ ಏನಿದೆ? ಎಲ್ಲ ನೀರೂ ಹಾಗೇ ಅಲ್ವಾ?"

ಅವತ್ತು ನನಗೆ ಮಾತು ಬರಲಿಲ್ಲ. ಇವತ್ತು ಬರೆದು ಕಳಿಸುತ್ತಿದ್ದೇನೆ. ಎಲ್ಲ ನೀರೂ ಹಾಗಿಲ್ಲ.

*ಕಲ್ಯಾಣಿ ಮತ್ತು ಗುಂಡಿ*

ನಮ್ಮೂರಿನಲ್ಲಿ ಒಂದು ಕಲ್ಯಾಣಿ ಇತ್ತು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು. ಊರಿನ ಮಕ್ಕಳು ಮೇಲಿನ ಮೆಟ್ಟಿಲಲ್ಲಿ ಕೂತು ಕಾಲು ಬಡಿದು, ಕೆಳಗಿನದರಲ್ಲಿ ಸೊಂಟದ ತನಕ ನಿಂತು, ಅದರ ಕೆಳಗಿನದರಿಂದ ಕೈಬಿಟ್ಟು ಈಜು ಕಲಿಯುತ್ತಿದ್ದರು. ನಮ್ಮ ಕೇರಿಯ ಮಕ್ಕಳು ಅಲ್ಲಿ ಕಾಲಿಡುವ ಹಾಗಿರಲಿಲ್ಲ. ಬೇಸಿಗೆ ನಮಗೂ ಬರುತ್ತದಲ್ಲ? ನಾವು ಹೋಗುತ್ತಿದ್ದುದು ಊರಾಚೆಯ ಕಲ್ಲು ಕ್ವಾರಿಯ ಗುಂಡಿಗೆ. ಅದಕ್ಕೆ ಮೆಟ್ಟಿಲಿಲ್ಲ, ಇಳಿಜಾರಿಲ್ಲ. ಒಂದು ಹೆಜ್ಜೆಗೆ ಮೊಣಕಾಲುದ್ದ ನೀರು, ಮುಂದಿನ ಹೆಜ್ಜೆಗೆ ಎರಡಾಳು ಆಳ.

ನನ್ನ ಅಣ್ಣ ಆ ಗುಂಡಿಯಲ್ಲೇ ಹೋದ. ಅವನಿಗೆ 11 ವರ್ಷ, ನನಗೆ 8. ಅಂದಿನಿಂದ ನಮ್ಮವ್ವ ಮನೆಗೆ ಒಂದೇ ಕಾನೂನು ಮಾಡಿದಳು: ಯಾರೂ ನೀರಿಗೆ ಇಳಿಯಬಾರದು. 40 ವರ್ಷ ನಾವು ಅದನ್ನು ಪಾಲಿಸಿದೆವು. "ನಮ್ಮೋರಿಗೆ ನೀರು ಆಗಿಬರಲ್ಲ" ಎಂದು ಅವ್ವ ಹೇಳುವಾಗ ಅದು ಹಣೆಬರಹದ ಮಾತಿನಂತೆ ಕೇಳುತ್ತಿತ್ತು.

ಹಣೆಬರಹ ಅಲ್ಲ ಬಂಧುಗಳೇ. ಪಟಿಚ್ಚಸಮುಪ್ಪಾದ ನಮಗೆ ಕಲಿಸುವುದೇ ಅದನ್ನು. ಎಲ್ಲಕ್ಕೂ ಕಾರಣ ಇದೆ, ಕಾರಣ ಹೋದರೆ ಪರಿಣಾಮವೂ ಹೋಗುತ್ತದೆ. ನಮಗೆ ಈಜು ಬಾರದೇ ಇದ್ದುದಕ್ಕೆ ಕಾರಣ ನಮ್ಮ ಮೈಯಲ್ಲಿ ಇರಲಿಲ್ಲ, ಕಲ್ಯಾಣಿಯ ಮೆಟ್ಟಿಲ ಮೇಲೆ ಇತ್ತು.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ, ತಾವೇ ಇಳಿದು ಬೊಗಸೆ ನೀರು ಕುಡಿದರು. ಸಾರ್ವಜನಿಕ ನೀರು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು, ಆದರೆ ಅದು ಕಾಗದದಲ್ಲೇ ಉಳಿದಿತ್ತು. ಕೆರೆಯ ಮೊಕದ್ದಮೆ ಹೈಕೋರ್ಟಿನಲ್ಲಿ ನಮ್ಮವರ ಪರವಾಗಿ ಮುಗಿದದ್ದು 1937ರ ಮಾರ್ಚ್ 17ರಂದು. ಆಮೇಲೆ ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದನ್ನೇ ಹೆಸರಿಸಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಬರೆಯಲಾಯಿತು. ಸ್ನಾನಘಟ್ಟ ಎಂದರೇನು? ನೀರಿಗೆ ಇಳಿಯುವ ಮೆಟ್ಟಿಲು. ನನ್ನ ಅಣ್ಣ ಹೋಗುವ ಹೊತ್ತಿಗೆ ಸಂವಿಧಾನ ಬಂದು 30 ವರ್ಷ ದಾಟಿತ್ತು. ಆ ಮಾತು ನಮ್ಮೂರಿನ ಕಲ್ಯಾಣಿಯ ತನಕ ಬಂದಿರಲಿಲ್ಲ.

*ನೇತ್ರಾಣಿ*

ನನ್ನ ಮಗಳು ಪುನೀತ್ ರಾಜ್‌ಕುಮಾರ್ ಅವರ ಗಂಧದ ಗುಡಿ ಚಿತ್ರದಲ್ಲಿ ನೇತ್ರಾಣಿ ದ್ವೀಪ ನೋಡಿದಾಗಿನಿಂದ ಸ್ಕೂಬಾ ಡೈವಿಂಗ್ ಹಠ ಹಿಡಿದಿದ್ದಳು. ಈ ಜನವರಿಯಲ್ಲಿ ಮನೆಮಂದಿಯೆಲ್ಲ ಹೊರಟೆವು. ಅವ್ವ "ಬ್ಯಾಡ ಕಣವ್ವ" ಅಂದಳು. ಮಗಳು, "ನೀನೂ ಬಾ ಅಜ್ಜಿ, ದಡದಲ್ಲಿ ಕೂತು ಕಾಯುವಂತೆ" ಅಂದಳು. ಕಾಯುವ ಕೆಲಸ ಕೊಟ್ಟರೆ ಅವ್ವ ಯಾವತ್ತೂ ಇಲ್ಲ ಅನ್ನುವುದಿಲ್ಲ.

ರಾತ್ರಿ ರೈಲು. ಕುಂದಾಪುರದ ಹತ್ತಿರ ಸೇತುವೆಗಳು ಒಂದರ ಹಿಂದೆ ಒಂದು ಬಂದವು. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ನದಿಗಳು ಅಲ್ಲಿ ಕೂಡಿ ಅರಬ್ಬಿ ಸಮುದ್ರಕ್ಕೆ ಬೀಳುತ್ತವೆ. ಪಹಾರಾದ ಸುತ್ತದಲ್ಲೂ ಐದು ನದಿಗಳ ಹೆಸರಿದೆ: ಗಂಗಾ, ಯಮುನಾ, ಅಚಿರವತಿ, ಸರಭೂ, ಮಹೀ. ಸಮುದ್ರ ಸೇರಿದ ಮೇಲೆ ಅವು ಹಳೆಯ ಹೆಸರು ಬಿಟ್ಟು ಸಮುದ್ರವೇ ಆಗುತ್ತವೆ, ಹಾಗೆಯೇ ನಾಲ್ಕು ವರ್ಣದವರೂ ಸಂಘ ಸೇರಿದ ಮೇಲೆ ಹಳೆಯ ಹೆಸರು, ಗೋತ್ರ ಬಿಡುತ್ತಾರೆ. ದೀಕ್ಷೆಯ ಮರುದಿನ, 1956ರ ಅಕ್ಟೋಬರ್ 15ರಂದು, ನಾಗಪುರದ ಭಾಷಣದಲ್ಲಿ ಬಾಬಾಸಾಹೇಬರು ನೆನಪಿಸಿದ್ದೂ ಇದೇ ಹೋಲಿಕೆಯನ್ನು.

ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿ.ಮೀ. ದೋಣಿಯಲ್ಲಿ ಬೆಂಗಳೂರಿನವರೇ ಒಬ್ಬರು ಪಕ್ಕದಲ್ಲಿ ಕೂತಿದ್ದರು. "ಯಾವ ಕಡೆಯವರು?" ಅಂದರು. "ಮಾಗಡಿ ರಸ್ತೆ" ಅಂದೆ. "ಅದಲ್ಲ, ನೀವು ಯಾವ ಪೈಕಿ?" ಅಂದರು. ನನಗೆ ಉಸಿರು ಕಟ್ಟಿತು. 22 ವರ್ಷದಿಂದ ಆಫೀಸಿನಲ್ಲಿ ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಬಂದವನು ನಾನು. ನಾನು ಬಾಯಿ ತೆರೆಯುವ ಮೊದಲೇ ಮಗಳು, "ನಾವು ಬೌದ್ಧರು ಅಂಕಲ್" ಎಂದು ಹೇಳಿ ಕಾಲಿಗೆ ಫಿನ್ ಹಾಕಿಕೊಳ್ಳತೊಡಗಿದಳು.

*ಉಸಿರು ಕಟ್ಟಬೇಡಿ*

ಪಾಠ ದೋಣಿಯಲ್ಲೇ ಶುರುವಾಯಿತು. ಬೆನ್ನಿನ ಸಿಲಿಂಡರಿನಲ್ಲಿ ಇರುವುದು ಬರೀ ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ. ನೀರಿನಲ್ಲಿ ಪ್ರತಿ 10 ಮೀಟರಿಗೆ ನಮ್ಮ ಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಕಿವಿ ಬಿಗಿಯುತ್ತದೆ, ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಸರಿಮಾಡಿಕೊಂಡೇ ಮುಂದಕ್ಕೆ ಇಳಿಯಬೇಕು. ನೋವಾದರೆ ಸ್ವಲ್ಪ ಮೇಲಕ್ಕೆ ಬರಬೇಕು. ಹೆಬ್ಬೆರಳು ಎತ್ತಿದರೆ "ಮೇಲೆ ಹೋಗೋಣ" ಎಂದರ್ಥ. "ಚೆನ್ನಾಗಿದ್ದೇನೆ" ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ: ಯಾವ ಕಾರಣಕ್ಕೂ ಉಸಿರು ಕಟ್ಟಬಾರದು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಡದೆ ಮೇಲೇರಿದರೆ ಶ್ವಾಸಕೋಶವೇ ಹರಿಯಬಹುದು.

ಮಗಳು ಸಲೀಸಾಗಿ ಇಳಿದಳು. ನಾನು ಮುಖ ನೀರಿಗಿಟ್ಟ ಕೂಡಲೇ ಕ್ವಾರಿಯ ಗುಂಡಿ ಕಂಡಿತು. ದೋಣಿಯ ಏಣಿಯನ್ನು ಅಪ್ಪಿ ಹಿಡಿದುಕೊಂಡೆ. ತರಬೇತುದಾರ ನಗಲಿಲ್ಲ, ಎಳೆಯಲಿಲ್ಲ. ಲಂಗರಿನ ಹಗ್ಗ ನನ್ನ ಕೈಗೆ ಕೊಟ್ಟು, "ಒಂದು ಗೇಣು ಇಳೀರಿ, ನಿಲ್ಲಿ, ಉಸಿರಾಡಿ. ಆಮೇಲೆ ಇನ್ನೊಂದು ಗೇಣು" ಅಂದರು. ಆನಾಪಾನಸತಿಯಲ್ಲಿ ನಾವು ಮಾಡುವುದೂ ಇಷ್ಟೇ ತಾನೆ? ಒಳಗೆ ಬರುವ ಉಸಿರನ್ನು ಗಮನಿಸು, ಹೊರಗೆ ಹೋಗುವುದನ್ನು ಗಮನಿಸು. ಹೀಗೆ ಗೇಣು ಗೇಣಾಗಿ ಸುಮಾರು 5 ಮೀಟರ್ ಹೋದೆ. ಹಳದಿ ಪಟ್ಟೆಯ ಮೀನುಗಳ ಹಿಂಡೊಂದು ಪಕ್ಕದಲ್ಲೇ ದಾಟಿತು. ಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದೆ. ವಿಹಾರದ ಬುದ್ಧಮೂರ್ತಿಯ ವಿತರ್ಕ ಮುದ್ರೆಯಂತೆಯೇ ಇತ್ತು ಅದು.

ನೀರಿನಿಂದ ಬಂದ ಮೇಲೆ ನನಗೆ ಎರಡು ಮಾತು ಸ್ಪಷ್ಟವಾದವು.

ಒಂದು, ಭಯ ಬೈಗುಳದಿಂದ ಹೋಗುವುದಿಲ್ಲ, ಧೈರ್ಯದ ಭಾಷಣದಿಂದಲೂ ಹೋಗುವುದಿಲ್ಲ. ಅದಕ್ಕೆ ಮೆಟ್ಟಿಲು ಬೇಕು, ಜೊತೆಗೊಬ್ಬ ಕಲ್ಯಾಣಮಿತ್ರ ಬೇಕು. ಜಾತಿ ನಮ್ಮಿಂದ ಕಿತ್ತುಕೊಂಡದ್ದು ನೀರನ್ನಷ್ಟೇ ಅಲ್ಲ, ನೀರಿಗೆ ಇಳಿಯುವ ಮೆಟ್ಟಿಲನ್ನು. ಬುದ್ಧರು ಧಮ್ಮಕ್ಕೆ ಇಳಿಜಾರಿದೆ ಎಂದು ಹೇಳಿದ್ದರ ಬೆಲೆ ಗುಂಡಿಯಲ್ಲಿ ಮಕ್ಕಳನ್ನು ಕಳೆದುಕೊಂಡವರಿಗೆ ಗೊತ್ತು.

ಎರಡು, ಹೆಸರು ಕರಗುವುದು ಬೇರೆ, ಹೆಸರು ಬಚ್ಚಿಡುವುದು ಬೇರೆ. ಸಮುದ್ರ ಸೇರಿದ ನದಿಗೆ ಹೆಸರಿನ ಚಿಂತೆ ಇಲ್ಲ. ಆಫೀಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ, ದೋಣಿಯಲ್ಲಿ ನಾನು ಮಾಡುತ್ತಾ ಬಂದದ್ದು ಉಸಿರು ಕಟ್ಟಿಕೊಂಡು ಮೇಲೇರುವ ಕೆಲಸ. ಅದು ಒಳಗೇ ಗಾಯ ಮಾಡುತ್ತದೆ. ಮೇಲೇರುವವರು ಉಸಿರಾಡುತ್ತಲೇ ಏರಬೇಕು.

ದಡಕ್ಕೆ ಬಂದಾಗ ಅವ್ವ ಹೇಳಿದ ಜಾಗದಲ್ಲಿ ಇರಲಿಲ್ಲ. ನನ್ನ ಹೆಂಡತಿಯ ಕೈ ಹಿಡಿದು, ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಉಪ್ಪು ನೋಡಿದಳು. ಸಮುದ್ರಕ್ಕೆ ಎಲ್ಲ ಕಡೆ ಒಂದೇ ರುಚಿ ಎನ್ನುವುದೂ ಆ ಎಂಟು ಗುಣಗಳಲ್ಲಿ ಒಂದು. ಆಮೇಲೆ ನನ್ನನ್ನು ನೋಡಿ, "ಇದು ನಿಧಾನಕ್ಕೆ ಇಳೀತದೆ ಕಣಪ್ಪಾ. ಆ ಗುಂಡಿ ಹಿಂಗಿರ್ಲಿಲ್ಲ" ಅಂದಳು. 40 ವರ್ಷದಲ್ಲಿ ಅವ್ವ ಆ ಗುಂಡಿಯ ಮಾತು ಎತ್ತಿದ್ದು ಅದೇ ಮೊದಲು.

*ಇಂದಿನ ಅಭ್ಯಾಸ*

1. ಇಂದು 10 ನಿಮಿಷ ಆನಾಪಾನ ಮಾಡಿ. ನಾವು ದಿನದಲ್ಲಿ ಎಲ್ಲೆಲ್ಲಿ, ಯಾರ ಮುಂದೆ ಉಸಿರು ಕಟ್ಟುತ್ತೇವೆ ಎಂದು ಗಮನಿಸಿ.

2. ನಿಮ್ಮ ಮನೆಯಲ್ಲಿ "ನಮ್ಮೋರಿಗೆ ಆಗಿಬರಲ್ಲ" ಎನ್ನುವ ಮಾತು ಯಾವುದಕ್ಕೆ ಇದೆ? ಇಂಗ್ಲಿಷಿಗೋ, ವ್ಯಾಪಾರಕ್ಕೋ, ವೇದಿಕೆ ಹತ್ತುವುದಕ್ಕೋ? ಅದರ ಕಾರಣ ಹುಡುಕಿ, ಮೊದಲ ಮೆಟ್ಟಿಲು ಯಾವುದು ಎಂದು ಮನೆಯವರ ಜೊತೆ ಮಾತಾಡಿ.

3. ಈ ಬೇಸಿಗೆಯಲ್ಲಿ ಮಕ್ಕಳನ್ನು ಈಜು ಕಲಿಸುವವರಿರುವ ಕೊಳಕ್ಕೆ ಸೇರಿಸಿ. ಕ್ವಾರಿ, ಕೃಷಿಹೊಂಡದ ಹತ್ತಿರ ಬಿಡಬೇಡಿ. ಸ್ಕೂಬಾಕ್ಕೆ ಹೋಗುವವರು ಆಸ್ತಮಾ, ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಗರ್ಭಿಣಿಯರು ಇಳಿಯಬಾರದು. ಡೈವ್ ಮಾಡಿದ ದಿನವೇ ವಿಮಾನ ಹತ್ತಬೇಡಿ, ಘಟ್ಟ ಹತ್ತಲೂ ಅವಸರ ಬೇಡ. ನಾವು ಮರುದಿನ ಹೊರಟೆವು.

ಓದಿದವರು ಮನೆಯ ಹಿರಿಯರಿಗೂ ಓದಿ ಹೇಳಿ. ಅವರಲ್ಲಿ ಹೇಳದೇ ಉಳಿದ ಮಾತು ಇರಬಹುದು.

ಎಲ್ಲರಿಗೂ ಮಂಗಳವಾಗಲಿ.
ಜೈಭೀಮ್, ನಮೋ ಬುದ್ಧಾಯ 💙